ಕನ್ನಡದ ತಂತ್ರಾಂಶ ದೋಷಗಳು ಮತ್ತು ನಮ್ಮ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಮತ್ತು ಮೊಬೈಲುಗಳಲ್ಲಿ ಕನ್ನಡ ಬಳಸುವಾಗ ಎದುರಾಗುವ ತೊಡಕುಗಳ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಆಗಾಗ ಪತ್ರಗಳು ಪ್ರಕಟವಾಗುತ್ತವೆ. ಒತ್ತಕ್ಷರ ಒಡೆದು ಕಾಣುತ್ತದೆ, ಕಣ್ಣೆದುರಿಗಿರುವ ಪದ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದ ಪಟ್ಟಿ ಅಕಾರಾದಿಯಾಗಿರುವುದಿಲ್ಲ ಎಂಬ ಈ ದೂರುಗಳೆಲ್ಲ ನಿಜವಾದವೇ. ಆದರೆ ಬಹುಪಾಲು ಪತ್ರಗಳು ಸರ್ಕಾರ ಗಮನ ಹರಿಸಬೇಕು ಅಥವಾ ದೊಡ್ಡ ಕಂಪನಿಗಳು ಸರಿಪಡಿಸಬೇಕು ಎಂಬಲ್ಲಿಗೆ ಮುಗಿದುಬಿಡುತ್ತವೆ. ಮಂಡ್ಯದಲ್ಲಿ ಓದಿ, ಹನ್ನೆರಡು ವರ್ಷಗಳಿಂದ ಮೈಸೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸ ಮಾಡುತ್ತಿರುವ, ಬಿಡುವಿನ ವೇಳೆಯಲ್ಲಿ ಮುಕ್ತ ತಂತ್ರಾಂಶಗಳಿಗೆ (ಮೂಲವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಗಳಿಗೆ) ಕೈಲಾದಷ್ಟು ದುಡಿದಿರುವ ನಾನು ಈ ವಿಷಯದಲ್ಲಿ ಒಂದು ಬೇಡಿಕೆಯನ್ನು ಮುಂದಿಡಲು ಬಯಸುತ್ತೇನೆ. ಮೈಸೂರು ಮತ್ತು ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ, ಜನ ಈಗಾಗಲೇ ಬಳಸುತ್ತಿರುವ ಮುಕ್ತ ತಂತ್ರಾಂಶವೊಂದರ ದೋಷವನ್ನು ತಿದ್ದುವ ಕೆಲಸವನ್ನೇ ಪ್ರಾಜೆಕ್ಟ್ ಆಗಿ ಸಲ್ಲಿಸಲು ಅವಕಾಶ ಕೊಡಬೇಕು ಮತ್ತು ಅದಕ್ಕೆ ಪೂರ್ಣ ಅಂಕ ನೀಡಬೇಕು. ಈ ಬೇಡಿಕೆ ನನ್ನಲ್ಲಿ ಹುಟ್ಟಿದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

2016ರ ಮಾತು. ಮದ್ದೂರು ತಾಲ್ಲೂಕಿನ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಆಗ ನನ್ನ ದೊಡ್ಡಪ್ಪನವರು ಕಾರ್ಯದರ್ಶಿಯಾಗಿದ್ದರು. ಸಂಘದ ಸದಸ್ಯರ ಪಟ್ಟಿ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಗೊತ್ತುಪಡಿಸುವ ಯುನಿಕೋಡ್ ಎಂಬ ಮಾನಕ ಬಳಕೆಗೆ ಬರುವ ಮುಂಚಿನ ಅಕ್ಷರಶೈಲಿಯೊಂದರಲ್ಲಿ ಇತ್ತು. ಅದನ್ನು ಯಾರೋ ಒಂದು ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಿಸಿಕೊಟ್ಟಿದ್ದರು. ಯುಗಾದಿಗೆ ಮುಂಚೆ ಬೋನಸ್ ಬಟವಾಡೆ ಮಾಡುವಾಗ ಕೆಲವು ಸದಸ್ಯರ ಹೆಸರನ್ನು ಎಷ್ಟು ಹುಡುಕಿದರೂ ಸಿಗದೆ, ಅವರ ಹಣ ಎರಡು ವಾರ ತಡವಾಯಿತು. ಹಬ್ಬಕ್ಕೆ ಊರಿಗೆ ಹೋಗಿದ್ದ ನನ್ನನ್ನು ದೊಡ್ಡಪ್ಪ ಡೈರಿಗೆ ಕರೆದುಕೊಂಡು ಹೋಗಿ, ಪರದೆಯ ಮೇಲೆ ಬೆರಳಿಟ್ಟು, "ಹೆಸ್ರು ಕಣ್ಮುಂದೇನೆ ಅದೆ, ಮಿಷಿನ್ನು ಇಲ್ಲ ಅಂತದಲ್ಲ ಮಗ" ಎಂದರು. ಅವರು ಬೆರಳಿಟ್ಟಿದ್ದ ಹೆಸರು ಲೋಕೇಶ. ಹುಡುಕುವ ಜಾಗದಲ್ಲಿ ಲೋಕೇಶ ಎಂದು ಬೆರಳಚ್ಚು ಮಾಡಿದರೆ, ನಿಜವಾಗಿಯೂ, ಅಂಥ ಹೆಸರೇ ಇಲ್ಲವೆಂಬ ಉತ್ತರ ಬರುತ್ತಿತ್ತು.

ಕಾರಣ ತಿಳಿಯಲು ನನಗೆ ಒಂದು ರಾತ್ರಿ ಹಿಡಿಯಿತು. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ ಎಂಬುದು ಬಹಳ ಓದುಗರಿಗೆ ಗೊತ್ತಿರುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಡಲಾಗಿದೆ. 'ಲೋ' ಎಂಬ ಅಕ್ಷರವನ್ನು ನಾವು ಇಂದಿನ ಕೀಲಿಮಣೆಯಲ್ಲಿ ಒತ್ತಿದಾಗ ಲಕಾರದ 3250 ಮತ್ತು ಓತ್ವದ 3275 ಎಂಬ ಎರಡು ಸಂಖ್ಯೆಗಳು ದಾಖಲಾಗುತ್ತವೆ. ಹಳೆಯ ಅಕ್ಷರಶೈಲಿಗಳಲ್ಲಾದರೋ ಎತ್ವ, ಕೊಂಬು, ದೀರ್ಘ ಇವೆಲ್ಲ ಅಚ್ಚಿನ ಮೊಳೆಗಳಂತೆ ಬಿಡಿಬಿಡಿಯಾಗಿದ್ದವು. ಪರಿವರ್ತಕ ಬರೆದವರು ಆ ಬಿಡಿ ತುಂಡುಗಳನ್ನು ಒಗ್ಗೂಡಿಸದೆ ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಟ್ಟುಬಿಟ್ಟಿದ್ದರು. ಹೀಗಾಗಿ ಅದೇ 'ಲೋ' ಅಕ್ಷರ ದೊಡ್ಡಪ್ಪನ ಪಟ್ಟಿಯಲ್ಲಿ 3250, 3270, 3266, 3285 ಎಂಬ ನಾಲ್ಕು ಸಂಖ್ಯೆಗಳಾಗಿ ಕುಳಿತಿತ್ತು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ; ಓದುವವರಿಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯದು. ಸಂಖ್ಯೆಗೆ ಸಂಖ್ಯೆಯನ್ನು ಹೋಲಿಸಿ ನೋಡುವ ತಂತ್ರಾಂಶಕ್ಕೆ ಮಾತ್ರ ಅವು ಬೇರೆ ಬೇರೆ ಹೆಸರುಗಳು.

ಇಂಥ ಎರಡು ರೂಪಗಳನ್ನು ಒಂದೇ ಎಂದು ಪರಿಗಣಿಸಬೇಕೆಂದು ಯುನಿಕೋಡ್ ಮಾನಕವೇ ಸ್ಪಷ್ಟವಾಗಿ ಹೇಳುತ್ತದೆ, ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವ ವಿಧಾನವನ್ನೂ ಕೊಡುತ್ತದೆ. ದೊಡ್ಡಪ್ಪ ಬಳಸುತ್ತಿದ್ದ ಪಟ್ಟಿ ನಿರ್ವಹಣೆಯ ಸಣ್ಣ ತಂತ್ರಾಂಶವು ಆ ಹೆಜ್ಜೆಯನ್ನು ಬಿಟ್ಟುಬಿಟ್ಟಿತ್ತು, ಅಷ್ಟೇ. ಅದು ಮುಕ್ತ ತಂತ್ರಾಂಶವಾಗಿದ್ದರಿಂದ ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಯಾರು ಬೇಕಾದರೂ ಓದುವಂತೆ ಇತ್ತು. ಎಲ್ಲಿ ತಪ್ಪಾಗಿದೆ ಎಂದು ನಾನು ಅದೇ ರಾತ್ರಿ ಕಂಡುಕೊಂಡೆ. ಎಂಟು ಸಾಲುಗಳ ತಿದ್ದುಪಡಿಯನ್ನೂ ಬರೆದೆ. ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಲೋಕೇಶ ಸಿಕ್ಕಿದ.

ಅಲ್ಲಿಗೇ ಬಿಟ್ಟಿದ್ದರೆ ಒಂದು ಡೈರಿಯ ಸಮಸ್ಯೆ ತೀರುತ್ತಿತ್ತು. ಆ ತಂತ್ರಾಂಶದ ಮುಂದಿನ ಆವೃತ್ತಿ ಬಂದಾಗ ನನ್ನ ತಿದ್ದುಪಡಿ ಅಳಿಸಿಹೋಗಿ ಹಳೆಯ ತೊಂದರೆ ಮತ್ತೆ ತಲೆಯೆತ್ತುತ್ತಿತ್ತು, ಬೇರೆ ಊರಿನ ಇನ್ನೊಂದು ಸಂಘದಲ್ಲಿ ಇನ್ನೊಬ್ಬ ಕಾರ್ಯದರ್ಶಿ ಇದೇ ಪಾಡು ಪಡುತ್ತಿದ್ದರು. ಆದ್ದರಿಂದ ತಿದ್ದುಪಡಿಯನ್ನು ತಂತ್ರಾಂಶವನ್ನು ನೋಡಿಕೊಳ್ಳುವ ನಿರ್ವಾಹಕರಿಗೆ ಕಳುಹಿಸಿ ಮೂಲದಲ್ಲೇ ಸೇರಿಸುವಂತೆ ಕೇಳಬೇಕಿತ್ತು. ಇದನ್ನು ಮಾಡಲು ನಾನು ಮೂರು ವಾರ ಹಿಂಜರಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಕಂಪನಿಯ ಒಳಗೆ ಪರಿಚಿತರ ನಡುವೆ ಇಂಗ್ಲಿಷಿನಲ್ಲಿ ಬರೆಯುವುದಕ್ಕೂ, ಜಗತ್ತಿನ ಯಾರು ಬೇಕಾದರೂ ಓದಬಹುದಾದ, ಎಂದೆಂದಿಗೂ ಉಳಿಯುವ ಜಾಗದಲ್ಲಿ ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ನಮ್ಮ ಜಿಲ್ಲೆಗಳ ಹಳ್ಳಿಗಳಿಂದ ಬಂದ ಜಾಣ ಹುಡುಗ ಹುಡುಗಿಯರು ಈ ಕೆಲಸಕ್ಕೆ ಇಳಿಯದಿರಲು ಮೊದಲ ಕಾರಣ ಈ ಅಳುಕೇ ಎಂದು ಈಗ ನನಗೆ ಖಚಿತವಾಗಿದೆ. ಕೋಡ್ ಬರೆಯುವ ಶಕ್ತಿ ಅವರಲ್ಲಿ ಧಾರಾಳವಾಗಿ ಇದೆ.

ಕೊನೆಗೆ ನಾನು ಕಳುಹಿಸಿದ ವರದಿ ಬಹಳ ಸರಳವಾಗಿತ್ತು: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಜೊತೆಗೆ ಲೋಕೇಶನ ಹೆಸರಿನ ಎರಡೂ ರೂಪಗಳನ್ನು ಒಳಗೊಂಡ ಒಂದು ಪುಟ್ಟ ಕಡತ. ಐದು ದಿನಗಳ ಬಳಿಕ ಯುರೋಪಿನಲ್ಲಿದ್ದ ನಿರ್ವಾಹಕರೊಬ್ಬರಿಂದ ಉತ್ತರ ಬಂತು. ಅವರು ನನ್ನ ಇಂಗ್ಲಿಷಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕನ್ನಡ ಲಿಪಿಯನ್ನು ತಾವು ಓದಲಾರೆವೆಂದೂ, ಈ ಎರಡು ಹೆಸರುಗಳು ಒಂದೇ ಎಂಬುದನ್ನು ನನ್ನ ಮಾತಿನ ಮೇಲೆಯೇ ನಂಬಬೇಕಾಗಿದೆಯೆಂದೂ, ಆದ್ದರಿಂದ ಇನ್ನಷ್ಟು ಉದಾಹರಣೆಗಳನ್ನು ಕೊಡಬೇಕೆಂದೂ ಕೇಳಿದರು. ಆ ಉತ್ತರವನ್ನು ಓದಿದಾಗ ನನಗೆ ಹೊಳೆದ ವಿಷಯವೇ ಈ ಪತ್ರದ ಮೂಲ. ಅಷ್ಟು ನುರಿತ ತಂತ್ರಜ್ಞರು ತಮ್ಮ ತಂತ್ರಾಂಶದಲ್ಲಿ ಇಂಥದೊಂದು ದೋಷವಿದೆಯೆಂದು ತಾವಾಗಿಯೇ ಎಂದೂ ಕಂಡುಕೊಳ್ಳುತ್ತಿರಲಿಲ್ಲ, ಏಕೆಂದರೆ ಅವರ ಕಣ್ಣಿಗೆ ಅದು ಬೀಳುವ ಸಂದರ್ಭವೇ ಇರಲಿಲ್ಲ. ಅದು ಬಿದ್ದದ್ದು ಮದ್ದೂರು ತಾಲ್ಲೂಕಿನ ಒಂದು ಡೈರಿಯ ಕಾರ್ಯದರ್ಶಿಯ ಕಣ್ಣಿಗೆ.

ಮುಂದಿನ ನಾಲ್ಕು ತಿಂಗಳಲ್ಲಿ ನಾನು ಕಲಿತಷ್ಟನ್ನು ಎಂಜಿನಿಯರಿಂಗ್‌ನ ನಾಲ್ಕು ವರ್ಷಗಳಲ್ಲಿ ಕಲಿತಿರಲಿಲ್ಲ. ನನ್ನ ಮೊದಲ ತಿದ್ದುಪಡಿ ಪ್ರತಿ ಸಲ ಕೀಲಿ ಒತ್ತಿದಾಗಲೂ ಇಡೀ ಪಟ್ಟಿಯನ್ನು ಹೊಸದಾಗಿ ಒಂದೇ ರೂಪಕ್ಕೆ ತರುತ್ತಿತ್ತು; ಮುನ್ನೂರು ಸದಸ್ಯರ ಸಂಘಕ್ಕೆ ಅದು ಸಾಕು, ಒಂದು ಲಕ್ಷ ಸಾಲುಗಳ ಪಟ್ಟಿ ಇಟ್ಟುಕೊಂಡವರ ಗತಿಯೇನು ಎಂದು ನಿರ್ವಾಹಕರು ಕೇಳಿದರು. ಲಕ್ಷ ಸಾಲುಗಳ ಪಟ್ಟಿ ಮಾಡಿ ಅಳೆದು ನೋಡಿದೆ, ಅವರ ಮಾತು ಸರಿಯಾಗಿತ್ತು. ಕಡತ ತೆರೆಯುವಾಗ ಒಮ್ಮೆ ಮಾತ್ರ ಪರಿವರ್ತಿಸುವಂತೆ ಬದಲಿಸಿದೆ. ಆಗ ಇನ್ನೊಂದು ತೊಡಕು ಹುಟ್ಟಿತು. ನಾಲ್ಕು ಸಂಖ್ಯೆಗಳಿದ್ದ 'ಲೋ' ಎರಡಕ್ಕೆ ಇಳಿಯುವುದರಿಂದ, ಸಿಕ್ಕಿದ ಪದಕ್ಕೆ ಹಳದಿ ಬಣ್ಣ ಬಳಿಯುವಾಗ ಲೆಕ್ಕ ತಪ್ಪಿ ಬಣ್ಣ ಪಕ್ಕದ ಅಕ್ಷರಗಳ ಮೇಲೆ ಬೀಳುತ್ತಿತ್ತು. ಅದನ್ನು ಸರಿಪಡಿಸಲು ಹಳೆಯ ಸ್ಥಾನಕ್ಕೂ ಹೊಸ ಸ್ಥಾನಕ್ಕೂ ತಾಳೆ ಹಾಕುವ ಕೋಷ್ಟಕವೊಂದನ್ನು ಇಟ್ಟುಕೊಳ್ಳಬೇಕಾಯಿತು. ಎಂಟು ಸಾಲುಗಳು ಅರವತ್ತಾದವು, ತಿದ್ದುಪಡಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯ ಸಾಲುಗಳು ಅದರ ಎರಡರಷ್ಟಾದವು. ಏಳು ಬಾರಿ ತಿದ್ದಿ ಕಳುಹಿಸಿದೆ. ನಡುವೆ ಒಮ್ಮೆ ಬೇಸರವಾಗಿ ಕೈಬಿಟ್ಟದ್ದೂ ಉಂಟು. ಹತ್ತು ದಿನಗಳ ನಂತರ ನಿರ್ವಾಹಕರೇ, ಈ ಕೆಲಸ ನಿಲ್ಲಬಾರದು, ಯಾವುದಾದರೂ ಭಾಗಕ್ಕೆ ನೆರವು ಬೇಕೇ ಎಂದು ಕೇಳಿ ಬರೆದರು.

ನಮ್ಮ ಕಚೇರಿಯ ತಮಿಳು ಮತ್ತು ಬಂಗಾಳಿ ಸಹೋದ್ಯೋಗಿಗಳನ್ನು ಕೇಳಿದಾಗ ಅವರ ಲಿಪಿಗಳ ಒಕಾರ ಓಕಾರಗಳಲ್ಲೂ ಇದೇ ಬಗೆಯ ಎರಡು ರೂಪಗಳಿವೆ ಎಂದು ತಿಳಿಯಿತು. ಅವರು ಕೊಟ್ಟ ಪದಗಳೂ ಪರೀಕ್ಷೆಯೊಳಗೆ ಸೇರಿದವು. ತಿದ್ದುಪಡಿ ಒಪ್ಪಿಗೆಯಾಗಿ, ಮುಂದಿನ ವರ್ಷದ ಆವೃತ್ತಿಯಲ್ಲಿ ಸೇರಿ, ದೊಡ್ಡಪ್ಪನ ಕಂಪ್ಯೂಟರಿಗೆ ಯಾರೂ ಕೈಹಚ್ಚದೆ ತಾನಾಗಿ ಬಂದು ತಲುಪಿದ ದಿನ ಅವರು ಫೋನ್ ಮಾಡಿ ತಿಳಿಸಿದರು. ಚೆನ್ನೈನಲ್ಲೋ ಕೋಲ್ಕತ್ತದಲ್ಲೋ ಅದೇ ತಂತ್ರಾಂಶ ಬಳಸುವವರಿಗೂ ಅಂದೇ ಅದು ತಲುಪಿರಬೇಕು.

ನಮ್ಮ ಕಡೆ ಕಬ್ಬು ಕಡಿಯುವಾಗಲೂ ನಾಟಿ ಹಾಕುವಾಗಲೂ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ವಾಡಿಕೆ. ಕೂಲಿಯ ಲೆಕ್ಕ ಇರುವುದಿಲ್ಲ, ಆದರೆ ಬಂದವರ ನೆನಪು ಇರುತ್ತದೆ. ಮುಕ್ತ ತಂತ್ರಾಂಶ ಯಾರೋ ದಾನವಾಗಿ ಕೊಡುವ ವಸ್ತುವೆಂದು ತಿಳಿದವರಿಗೆ ನಾನು ಈ ವಾಡಿಕೆಯನ್ನೇ ನೆನಪಿಸುತ್ತೇನೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಘೋಷಿಸಿದ್ದು, ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಆರಂಭಿಸಿದ್ದು ಈಗ ಚರಿತ್ರೆ. ಇಂದು ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ, 2017ರ ನವೆಂಬರಿನಿಂದ ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯ ಪ್ರತಿಯೊಂದು ಯಂತ್ರದಲ್ಲಿ ಇರುವುದೂ ಅದೇ ಲಿನಕ್ಸ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಇವುಗಳಲ್ಲೆಲ್ಲ ಕನ್ನಡದ ಒತ್ತು, ಗುಣಿತಗಳನ್ನು ಸರಿಯಾದ ಜಾಗದಲ್ಲಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವೂ ಮುಕ್ತವಾದುದೇ. ಎಂದರೆ ಕನ್ನಡದಲ್ಲಿ ಬರುವ ಬಹಳಷ್ಟು ದೋಷಗಳನ್ನು ತಿದ್ದಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ, ಬಾಗಿಲು ತೆರೆದೇ ಇದೆ.

ತಿದ್ದಬೇಕಾದ ದೋಷಗಳಾದರೋ ಹಲವು. ಸಾಫ್ಟ್‌ವೇರ್ ಎಂದು ಬರೆಯುವಾಗ ಟಕಾರದ ಕೆಳಗೆ ವಕಾರದ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಇಡುತ್ತೇವೆ. ಯುನಿಕೋಡಿನಲ್ಲಿ ಅದರ ಸಂಖ್ಯೆ 8204. ಒಬ್ಬರು ಅದನ್ನು ಇಟ್ಟು, ಇನ್ನೊಬ್ಬರು ಇಡದೆ ಬರೆದರೆ ಹುಡುಕಾಟದಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇದು ಮೇಲೆ ಹೇಳಿದ ಲೋಕೇಶನ ಸಮಸ್ಯೆಗಿಂತ ಕಠಿಣವಾದದ್ದು, ಏಕೆಂದರೆ ಈ ಎರಡು ರೂಪಗಳು ಒಂದೇ ಎಂದು ಮಾನಕ ಹೇಳುವುದಿಲ್ಲ. ಎಲ್ಲಿ ಕಡೆಗಣಿಸಬೇಕು, ಎಲ್ಲಿ ಕಡೆಗಣಿಸಬಾರದು ಎಂಬುದನ್ನು ಕನ್ನಡ ಬಲ್ಲವರೇ ತೀರ್ಮಾನಿಸಬೇಕು. ರ‍್ಯಾಂಕ್ ಎಂಬ ಪದವನ್ನು ಅರ್ಕಾವೊತ್ತು ಬಾರದಂತೆ ಬರೆಯಲು ಬೇಕಾದ ಚಿಹ್ನೆಯದೂ ಇದೇ ಕಥೆ.

ಅನುವಾದದ ಕೆಲಸದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕುಗಳಿವೆ. ಇಂಗ್ಲಿಷಿನಲ್ಲಿ ತಂತ್ರಾಂಶ ಬರೆದವರು ಊರಿನ ಹೆಸರಿಗೆ ಖಾಲಿ ಜಾಗ ಬಿಟ್ಟು ಅದರ ಪಕ್ಕದಲ್ಲಿ ವಿಭಕ್ತಿಯ ಅರ್ಥ ಕೊಡುವ ಪದವನ್ನು ಇಟ್ಟಿರುತ್ತಾರೆ. ಅದನ್ನು ಹಾಗೆಯೇ ಕನ್ನಡಿಸಿದರೆ "ಮೈಸೂರುನಲ್ಲಿ", "ಮಂಡ್ಯನಲ್ಲಿ" ಎಂದು ಪರದೆಯ ಮೇಲೆ ಮೂಡುತ್ತದೆ. ಮೈಸೂರಿನಲ್ಲಿ, ಮಂಡ್ಯದಲ್ಲಿ ಎಂದು ಹೇಳುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಯಂತ್ರಕ್ಕೆ ಮಾತ್ರ ಕಲಿಸಬೇಕು, ಅಥವಾ ವಿಭಕ್ತಿಯೇ ಬೇಡವಾಗುವಂತೆ ಆ ವಾಕ್ಯವನ್ನು ಬೇರೆ ರೀತಿಯಲ್ಲಿ ಕಟ್ಟಬೇಕು. ನಾನು ಅನುವಾದಿಸಿದ ಒಂದು ತಂತ್ರಾಂಶದಲ್ಲಿ ಹಿಂದಿನವರು ಎರಡು ಬೇರೆ ಬೇರೆ ಗುಂಡಿಗಳಿಗೆ "ರದ್ದುಗೊಳಿಸು" ಎಂಬ ಒಂದೇ ಪದ ಇಟ್ಟಿದ್ದರು: ಒಂದು ಈಗ ಮಾಡಹೊರಟ ಕೆಲಸವನ್ನು ಕೈಬಿಡುವುದಕ್ಕೆ, ಇನ್ನೊಂದು ಆಗಲೇ ಮಾಡಿದ ಬದಲಾವಣೆಯನ್ನು ಹಿಂದಿನಂತಾಗಿಸುವುದಕ್ಕೆ. ನಿಘಂಟಿನ ಪ್ರಕಾರ ಎರಡೂ ತಪ್ಪಲ್ಲ. ಆದರೆ ಅದನ್ನು ಬಳಸುತ್ತಿದ್ದ ಗ್ರಂಥಾಲಯ ಸಹಾಯಕಿಯೊಬ್ಬರು ಪುಸ್ತಕಗಳ ಒಂದು ದಿನದ ನಮೂದನ್ನು ಕಳೆದುಕೊಂಡಿದ್ದರು. ಕೋಡ್ ಬರೆಯಲು ಬಾರದ, ಆದರೆ ಕನ್ನಡ ಚೆನ್ನಾಗಿ ಬಲ್ಲ ಪದವಿ ಕಾಲೇಜಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಮಾಡಬಹುದಾದ ಕೆಲಸ ಇದು.

ಈ ವಿಷಯದಲ್ಲಿ ಕನ್ನಡಿಗರು ಏನೂ ಮಾಡಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂದು ನಾಡಿನಾದ್ಯಂತ ಬಳಕೆಯಲ್ಲಿದೆ, ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಅದು ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲೇ ಇದೆ. ಹಳಗನ್ನಡದ ನಕಾರಪೊಲ್ಲು (ಸ್ವರವಿಲ್ಲದ ನಕಾರದ ಚಿಹ್ನೆ) 2021ರಲ್ಲಿ ಯುನಿಕೋಡ್ 14ನೇ ಆವೃತ್ತಿಗೆ ಸೇರಿತು. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದ ನಮ್ಮ ಮೈಸೂರು ವಿಶ್ವವಿದ್ಯಾಲಯವೇ 2014ರಲ್ಲಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಇಂಥ ಹೆಜ್ಜೆ ಇಟ್ಟ ಊರಿನಲ್ಲಿ ನಾವಿದ್ದೇವೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆದರೂ ಪಕ್ಕದ ಕೇರಳವನ್ನು ನೋಡಿದಾಗ ನಮ್ಮ ಕೊರತೆ ಎದ್ದು ಕಾಣುತ್ತದೆ. ಅಲ್ಲಿ 2002ರಲ್ಲಿ ಆರಂಭವಾದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಗುಂಪು ಅಕ್ಷರಶೈಲಿಗಳಿಂದ ಹಿಡಿದು ಬೆರಳಚ್ಚಿನ ಸಾಧನಗಳವರೆಗೆ ತನ್ನ ಭಾಷೆಗೆ ಬೇಕಾದುದನ್ನು ತಾನೇ ಮಾಡಿಕೊಳ್ಳುತ್ತಾ ಬಂದಿದೆ, ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ.

ನಮ್ಮಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಮಂಡ್ಯದ ಪಿಇಎಸ್ ಕಾಲೇಜು 1962ರಿಂದ, ಮೈಸೂರಿನ ಎನ್‌ಐಇ 1946ರಿಂದ, ಎಸ್‌ಜೆಸಿಇ 1963ರಿಂದ ಪಾಠ ಹೇಳುತ್ತಿವೆ. ಆಮೇಲೆ ಬಂದ ಕಾಲೇಜುಗಳು ಹಲವು. ಪ್ರತಿ ವರ್ಷ ಈ ಎರಡು ಜಿಲ್ಲೆಗಳಿಂದ ಕಂಪ್ಯೂಟರ್ ವಿಜ್ಞಾನ ಓದಿ ಹೊರಬರುವ ಪ್ರತಿಯೊಬ್ಬರೂ ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಲೇಬೇಕು. ನಾನು ಓದುವಾಗ ನಾವು ನಾಲ್ವರು ಸೇರಿ ಮಾಡಿದ್ದು ಗ್ರಂಥಾಲಯ ನಿರ್ವಹಣೆಯ ಒಂದು ತಂತ್ರಾಂಶ. ನಮ್ಮ ಹಿಂದಿನ ತಂಡವೂ ಅದನ್ನೇ ಮಾಡಿತ್ತು, ಮುಂದಿನ ತಂಡವೂ ಅದನ್ನೇ ಮಾಡಿತು. ಮೂರು ಪ್ರತಿ ವರದಿಗೆ ಗಟ್ಟಿ ರಟ್ಟು ಹಾಕಿಸಿ, ಚಿನ್ನದ ಬಣ್ಣದ ಅಕ್ಷರದಲ್ಲಿ ಹೆಸರು ಮುದ್ರಿಸಿ, ಸಿ.ಡಿ.ಯೊಂದನ್ನು ಹಿಂಬದಿಗೆ ಅಂಟಿಸಿ ವಿಭಾಗಕ್ಕೆ ಒಪ್ಪಿಸಿದೆವು. ಆ ತಂತ್ರಾಂಶವನ್ನು ಯಾವ ಗ್ರಂಥಾಲಯವೂ, ನಮ್ಮ ಕಾಲೇಜಿನದೇ ಗ್ರಂಥಾಲಯವೂ, ಒಂದು ದಿನ ಬಳಸಲಿಲ್ಲ. ಈಗ ವಿಷಯಗಳ ಹೆಸರು ಬದಲಾಗಿದೆ, ಯಂತ್ರಕಲಿಕೆ (ಮಷಿನ್ ಲರ್ನಿಂಗ್) ಎಂಬ ಪದ ಶೀರ್ಷಿಕೆಯಲ್ಲಿ ಇರಲೇಬೇಕೆಂಬ ಒತ್ತಾಯವಿದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಕೊನೆಗೆ ಕಪಾಟು ಸೇರುವುದರಲ್ಲಿ ವ್ಯತ್ಯಾಸವಾಗಿಲ್ಲ. ಆರೇಳು ತಿಂಗಳ ಯೌವನದ ಶ್ರಮ ಹೀಗೆ ಪ್ರತಿ ವರ್ಷ ವ್ಯರ್ಥವಾಗುವುದನ್ನು ನೋಡಿದಾಗ ನನಗೆ ತುಂಬ ನೋವಾಗುತ್ತದೆ.

ಕಳೆದ ವರ್ಷ ಒಂದು ಕಾಲೇಜಿನ ಮೂವರು ವಿದ್ಯಾರ್ಥಿಗಳು ಕನ್ನಡ ಕಾಗುಣಿತ ಪರೀಕ್ಷಕವೊಂದರ ಪದಪಟ್ಟಿಯನ್ನು ತಿದ್ದುವ ಕೆಲಸವನ್ನು ಪ್ರಾಜೆಕ್ಟ್ ಆಗಿ ಮಾಡಲು ನನ್ನ ನೆರವು ಕೇಳಿದ್ದರು. ಅವರ ವಿಭಾಗ ಒಪ್ಪಲಿಲ್ಲ. ಇನ್ನೊಬ್ಬರು ಬರೆದ ತಂತ್ರಾಂಶವನ್ನು ತಿದ್ದುವುದು ಸ್ವಂತ ಕೆಲಸವಲ್ಲ, ಅದರಲ್ಲಿ ವಿದ್ಯಾರ್ಥಿಯ ಪಾಲು ಎಷ್ಟೆಂದು ಅಳೆಯಲಾಗುವುದಿಲ್ಲ ಎಂಬುದು ಕೊಟ್ಟ ಕಾರಣ. ನಾನು ಅಧ್ಯಾಪಕರನ್ನು ಗೌರವದಿಂದಲೇ ಕೇಳಬಯಸುತ್ತೇನೆ: ಉದ್ಯೋಗಕ್ಕೆ ಸೇರಿದ ಮೊದಲ ದಿನದಿಂದ ನಿಮ್ಮ ವಿದ್ಯಾರ್ಥಿ ಮಾಡುವ ಕೆಲಸ ಯಾವುದು? ಇನ್ನೊಬ್ಬರು ಬರೆದ ಸಾವಿರಾರು ಸಾಲುಗಳನ್ನು ಓದಿ ಅರ್ಥ ಮಾಡಿಕೊಂಡು, ಎಲ್ಲೂ ಧಕ್ಕೆಯಾಗದಂತೆ ಹತ್ತು ಸಾಲು ಬದಲಿಸುವುದೇ ಅಲ್ಲವೇ? ಅಳೆಯುವ ವಿಷಯಕ್ಕೆ ಬಂದರೆ, ಮುಕ್ತ ತಂತ್ರಾಂಶದಷ್ಟು ಸುಲಭವಾಗಿ ಅಳೆಯಬಹುದಾದ ಕೆಲಸ ಇನ್ನೊಂದಿಲ್ಲ. 2005ರಲ್ಲಿ ಬಂದ ಗಿಟ್ ಎಂಬ ಸಾಧನ, ಯಾವ ಸಾಲನ್ನು ಯಾರ ಹೆಸರಿನಲ್ಲಿ, ಯಾವ ದಿನ, ಏಕೆ ಬದಲಿಸಲಾಯಿತು ಎಂಬುದನ್ನು ದಾಖಲಿಸಿ ಇಟ್ಟಿರುತ್ತದೆ. ಪರಿಶೀಲಕರು ಕೇಳಿದ ಪ್ರಶ್ನೆಗಳೂ ವಿದ್ಯಾರ್ಥಿ ಕೊಟ್ಟ ಉತ್ತರಗಳೂ ಅಲ್ಲಿಯೇ ಇರುತ್ತವೆ. ಮೌಖಿಕ ಪರೀಕ್ಷೆಯಲ್ಲಿ ಹದಿನೈದು ನಿಮಿಷ ಕೇಳಿ ತಿಳಿಯುವುದಕ್ಕಿಂತ ಹೆಚ್ಚನ್ನು ಆ ನಾಲ್ಕು ತಿಂಗಳ ಸಂವಾದ ಹೇಳುತ್ತದೆ. ತಿದ್ದುಪಡಿ ಒಪ್ಪಿಗೆಯಾಗಲೇಬೇಕೆಂಬ ನಿಯಮವೂ ಬೇಡ, ಏಕೆಂದರೆ ಅದು ವಿದ್ಯಾರ್ಥಿಯ ಕೈಯಲ್ಲಿ ಇರುವುದಿಲ್ಲ. ಚೆನ್ನಾಗಿ ವಾದಿಸಿ ತಿರಸ್ಕೃತವಾದ ತಿದ್ದುಪಡಿಗೂ ಒಳ್ಳೆಯ ಅಂಕ ಬರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಂಕಕ್ಕಾಗಿಯೋ ಬಹುಮಾನಕ್ಕಾಗಿಯೋ ಎಣಿಕೆಯ ಗುರಿ ಇಟ್ಟರೆ ಕೆಲಸ ಕೆಡುತ್ತದೆ. ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ ಇಂತಿಷ್ಟು ತಿದ್ದುಪಡಿ ಕಳುಹಿಸಿದವರಿಗೆ ಟಿ-ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಅದಕ್ಕಾಗಿ ಅರ್ಥವಿಲ್ಲದ ತಿದ್ದುಪಡಿಗಳ ಪ್ರವಾಹವೇ ಹರಿದು, ನಿರ್ವಾಹಕರು ರೋಸಿಹೋಗಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಎಂದು ಆಯೋಜಕರು ಕಾರ್ಯಕ್ರಮದ ನಡುವೆಯೇ ನಿಯಮ ಬದಲಿಸಬೇಕಾಯಿತು. ನಾನು ನೋಡಿಕೊಳ್ಳುವ ಒಂದು ಸಣ್ಣ ತಂತ್ರಾಂಶಕ್ಕೂ ಆ ತಿಂಗಳು ತಮ್ಮ ಹೆಸರನ್ನು ಪಟ್ಟಿಗೆ ಸೇರಿಸುವ, ಒಂದು ಪೂರ್ಣವಿರಾಮ ಅಳಿಸುವ ತಿದ್ದುಪಡಿಗಳು ಬಂದವು. ಒಬ್ಬ ಹುಡುಗನಿಗೆ ಉತ್ತರ ಬರೆದು, ಆ ತಂತ್ರಾಂಶವನ್ನು ಒಮ್ಮೆಯಾದರೂ ತೆರೆದು ನೋಡಿದ್ದೀಯಾ ಎಂದು ಕೇಳಿದೆ. ಇಲ್ಲ ಅಣ್ಣ ಎಂದು ಪ್ರಾಮಾಣಿಕವಾಗಿ ಹೇಳಿದ. ಅವನನ್ನು ನಾನು ದೂರುವುದಿಲ್ಲ; ಎಣಿಸಿ ತೋರಿಸು ಎಂದಷ್ಟೇ ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಈಗ ಕೃತಕ ಬುದ್ಧಿಮತ್ತೆಯಿಂದ ಬರೆಸಿ, ತಾವೇ ಓದದೆ ಕಳುಹಿಸುವವರೂ ಸೇರಿಕೊಂಡಿದ್ದಾರೆ. ಕಾಲೇಜುಗಳು ಇದನ್ನು ಒಪ್ಪಿಕೊಳ್ಳುವಾಗ ಒಂದು ಗುಂಪಿಗೆ ಒಂದೇ ದೋಷ, ಅದರ ಮೂಲದವರೆಗೆ ಎಂಬ ಮಿತಿಯನ್ನು ಇಟ್ಟರೆ ಸಾಕು.

ನಿರ್ವಾಹಕರ ಸಮಯ ಎಷ್ಟು ಬೆಲೆಬಾಳುವುದು ಎಂಬುದಕ್ಕೆ ಎಕ್ಸ್‌ಜೆಡ್ ಎಂಬ ತಂತ್ರಾಂಶದ ಪ್ರಸಂಗ ಸಾಕ್ಷಿ. ಕಡತಗಳನ್ನು ಕುಗ್ಗಿಸುವ ಆ ಸಾಧನ ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುತ್ತದೆ, ಅದನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅವರೂ ದಣಿದಿದ್ದರು. ನೆರವಿನ ಸೋಗಿನಲ್ಲಿ ಬಂದ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ, ಹೊರಗಿನವರು ಯಂತ್ರಗಳಿಗೆ ಕದ್ದು ನುಸುಳಬಹುದಾದ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಜಾಡು ಹಿಡಿದದ್ದರಿಂದ ಅದು ಬಯಲಾಯಿತು. ನಮ್ಮ ನಾಲೆಗಳಲ್ಲಿ ನೀರು ಬರುತ್ತಿರುವವರೆಗೂ ಅದನ್ನು ಬಿಡುವ ನೀರುಗಂಟಿಯನ್ನು ಯಾರೂ ಮಾತನಾಡಿಸುವುದಿಲ್ಲ. ಆ ಸ್ಥಿತಿಯಲ್ಲಿರುವವರ ಬಳಿಗೆ ನಮ್ಮ ವಿದ್ಯಾರ್ಥಿಗಳು ಹೋಗುವಾಗ ಅವರ ಹೊರೆ ಇಳಿಸಲು ಹೋಗಬೇಕು.

ಉದ್ಯೋಗ ನೀಡುವ ಸಂಸ್ಥೆಗಳ ಬಗ್ಗೆಯೂ ಒಂದು ಮಾತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯೊಂದರ ಒಪ್ಪಂದದ ಪ್ರಕಾರ ನೌಕರ ಬಿಡುವಿನಲ್ಲಿ ಬರೆದ ಕೋಡ್ ಕೂಡ ಕಂಪನಿಗೇ ಸೇರುತ್ತಿತ್ತು. ಹಾಲಿನ ಡೈರಿಯ ಪಟ್ಟಿಗಾಗಿ ಮಾಡಿದ ತಿದ್ದುಪಡಿಯಂಥದಕ್ಕೂ ಕಾನೂನು ವಿಭಾಗದ ಅನುಮತಿ ಬೇಕಿತ್ತು, ಒಮ್ಮೆ ಅದಕ್ಕೆ ಐದು ತಿಂಗಳು ಕಾದಿದ್ದೇನೆ. ಈಗಿನ ಕಂಪನಿಯಲ್ಲಿ ಒಂದು ಪುಟದ ಸರಳ ನಿಯಮವಿದೆ: ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿರದ ಮುಕ್ತ ತಂತ್ರಾಂಶಕ್ಕೆ ಅನುಮತಿ ಬೇಡ. ಇಂಥ ನಿಯಮವನ್ನು ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಇತರ ಸಂಸ್ಥೆಗಳೂ ಮಾಡಿಕೊಳ್ಳಬಹುದು.

ಸರ್ಕಾರದಿಂದ ನಾನು ಕೇಳುವುದು ಬಹಳ ಕಡಿಮೆ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಜನರ ತೆರಿಗೆಯ ಹಣದಿಂದ ಮಾಡಿಸುವ ಕನ್ನಡದ ಪರಿವರ್ತಕ, ಅಕ್ಷರಶೈಲಿ, ಪದಪಟ್ಟಿಗಳ ಮೂಲವೂ ಜನರಿಗೆ ತೆರೆದಿರಲಿ. ನಮ್ಮೂರಿನ ಪಟ್ಟಿಯನ್ನು ಕೆಡಿಸಿದ ಪರಿವರ್ತಕದ ಮೂಲ ಸಿಕ್ಕಿದ್ದರೆ ರೋಗವನ್ನು ಬೇರಿನಲ್ಲೇ ತಿದ್ದಬಹುದಿತ್ತು. ಅದು ಸಿಗದ ಕಾರಣ ಅದರಿಂದ ಹೊರಬಂದ ಪಟ್ಟಿಗಳನ್ನು ಇಂದಿಗೂ ಒಂದೊಂದಾಗಿ ತಿದ್ದುತ್ತಿದ್ದೇವೆ. ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವಿದೆ, ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯಿದೆ. ಅಲ್ಲಿನ ಭಾಷಾತಜ್ಞರಿಗೂ ಎರಡು ಮೂರು ಕಿಲೋಮೀಟರ್ ದೂರದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೂ ಪರಸ್ಪರ ಪರಿಚಯವೇ ಇಲ್ಲ. ಕಣ್ಣಿಗೆ ಕಾಣದ ಆ 8204ನೇ ಚಿಹ್ನೆಯನ್ನು ಎಲ್ಲಿ ಕಡೆಗಣಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಈ ಇಬ್ಬರೂ ಒಂದೇ ಮೇಜಿನ ಸುತ್ತ ಕೂರಬೇಕು.

ಕಳೆದ ತಿಂಗಳು ಮಂಡ್ಯದ ಇಬ್ಬರು ವಿದ್ಯಾರ್ಥಿನಿಯರು ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಕನ್ನಡದಲ್ಲಿ ಆ ಚಿಹ್ನೆ ಬರುವ ಪದಗಳನ್ನು ಕಲೆಹಾಕಿ, ಅದನ್ನು ಬಿಟ್ಟರೆ ಬೇರೆ ಪದವೇ ಆಗಿಬಿಡುವ ಸಂದರ್ಭಗಳಿವೆಯೇ ಎಂದು ಹುಡುಕುತ್ತಿದ್ದಾರೆ. ಶನಿವಾರ ಮಧ್ಯಾಹ್ನ ಮೈಸೂರಿಗೆ ಬಂದು ನನ್ನೊಂದಿಗೆ ಕುಳಿತು ಕೋಡ್ ಓದುತ್ತಾರೆ. ಇದನ್ನೇ ಪ್ರಾಜೆಕ್ಟ್ ಎಂದು ಪರಿಗಣಿಸಬೇಕೆಂದು ತಮ್ಮ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ವಿಷಯ ಅಂತಿಮಗೊಳಿಸಲು ಅವರಿಗೆ ಈ ತಿಂಗಳ ಕೊನೆಯವರೆಗೆ ಗಡುವಿದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ತಂತ್ರಾಂಶ ಅಭಿವರ್ಧಕ, ಸರಸ್ವತಿಪುರಂ, ಮೈಸೂರು